ಕತ್ತಿಗೆ ಹೆಸರಿದೆ, ಉಕ್ಕು ಕಾಸಿದವನಿಗಿಲ್ಲ

ಕ್ರಿ.ಶ. 1794ರಲ್ಲಿ ಮುಂಬಯಿಯಲ್ಲಿದ್ದ ಹೆಲೆನಸ್ ಸ್ಕಾಟ್ ಎಂಬ ವೈದ್ಯನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಸರ್ ಜೋಸೆಫ್ ಬ್ಯಾಂಕ್ಸನಿಗೆ ಉಕ್ಕಿನ ಕೆಲವು ಗಟ್ಟಿಗಳನ್ನು ಕಳುಹಿಸಿದನು. ಮರುವರ್ಷ ಜಾರ್ಜ್ ಪಿಯರ್ಸನ್ ಅವನ್ನು ಪರೀಕ್ಷಿಸಿ ಒಂದು ಪ್ರಬಂಧ ಮಂಡಿಸಿದ. ಇದು ಮುಂಬಯಿಯಲ್ಲಿ ತಯಾರಾಗುವ, ಅಲ್ಲಿ ‘ವೂಟ್ಜ್’ ಎನ್ನಿಸಿಕೊಳ್ಳುವ ಉಕ್ಕು ಎಂದು ಅದರ ಶೀರ್ಷಿಕೆಯೇ ಹೇಳುತ್ತದೆ. ಆದರೆ ಮೂಸೆಯಲ್ಲಿ ಉಕ್ಕು ಕಾಸುತ್ತಿದ್ದ ಹೆಸರಾಂತ ಊರುಗಳಿದ್ದದ್ದು ಮೈಸೂರು ಸೀಮೆ, ತೆಲಂಗಾಣ, ತಮಿಳುನಾಡುಗಳಲ್ಲಿ. ಊರು ಬಿಟ್ಟು ಬಂದ ನಮಗೆಲ್ಲ ಕಲ್ಯಾಣ, ಡೋಂಬಿವಲಿಯ ವಿಳಾಸ ಅಂಟಿಕೊಂಡಂತೆ ಈ ಉಕ್ಕಿಗೆ ಮುಂಬಯಿಯ ವಿಳಾಸ ಅಂಟಿಕೊಂಡಿತು. ಹೆಸರೊಂದು ಮಾತ್ರ ಗುಟ್ಟು ಬಿಟ್ಟುಕೊಟ್ಟಿತು. ‘ವೂಟ್ಜ್’ ನಮ್ಮ ‘ಉಕ್ಕು’ ಎಂಬುದರ ಅಪಭ್ರಂಶವೆಂದು ಬಹುಮಂದಿ ಒಪ್ಪುತ್ತಾರೆ. (ತೆಲುಗರಿಗೂ ಅದು ಉಕ್ಕೇ, ಇಲ್ಲಿ ಜಗಳ ಬೇಡ.)

ಇದನ್ನು ಹೇಗೆ ಮಾಡುತ್ತಿದ್ದರು? ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾಗಡಿಯ ಆಸುಪಾಸಿನಲ್ಲಿ ಇದನ್ನು ವಿಚಾರಿಸಿ ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಅದರೊಂದಿಗೆ ತೂಕ ಮಾಡಿದ ತಂಗಡಿ ಗಿಡದ ಕಡ್ಡಿ, ಮೇಲೆ ಎರಡು ಹಸಿರೆಲೆ. (ತಂಗಡಿಯೆಂದರೆ ಇಲ್ಲಿನ ಮರಾಠಿಗರು ‘ತರವಡ’ ಎನ್ನುವ ಹಳದಿ ಹೂವಿನ ಗಿಡ.) ಬಾಯಿಯನ್ನು ಮಣ್ಣಿನಿಂದ ಮುಚ್ಚಿ, ಹತ್ತಾರು ಮೂಸೆಗಳನ್ನು ಒಟ್ಟಿಗೆ ಒಲೆಯಲ್ಲಿ ಜೋಡಿಸಿ ತಿದಿ ಒತ್ತುವುದು. ಸೌದೆಯ ಇಂಗಾಲವನ್ನು ಹೀರಿಕೊಂಡ ಕಬ್ಬಿಣ ಕರಗಿ, ತಣ್ಣಗಾದಾಗ ಉಕ್ಕಿನ ಗಟ್ಟಿಯಾಗುತ್ತದೆ. ಒಂದು ಒಲೆಗೆ ಹದಿಮೂರು ಜನ: ಮೂಸೆ ಮಾಡಿ ತುಂಬುವ ಮುಖ್ಯಸ್ಥನೊಬ್ಬ, ಸರದಿಯ ಮೇಲೆ ಬೆಂಕಿ ನೋಡುವವರು, ತಿದಿ ಒತ್ತುವವರು. ಎಲೆ ಎಷ್ಟೆಂದು ಎಣಿಸಿದ ಬುಕಾನನ್, ಆ ಮುಖ್ಯಸ್ಥನ ಹೆಸರು ಕೇಳಲಿಲ್ಲ.

ಇಂಥ ಗಟ್ಟಿಗಳು ಹಡಗು ಹತ್ತಿ ಪರ್ಶಿಯ, ಅರಬ ದೇಶಗಳಿಗೆ ಹೋಗಿ ಕತ್ತಿಗಳಾಗುತ್ತಿದ್ದವು. ಕಬ್ಬಿಣದ ವ್ಯಾಪಾರವಂತೂ ಬಹಳ ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಏಡನ್ನಿಗೆ ಕಬ್ಬಿಣ ಕಳಿಸುತ್ತಿದ್ದನೆಂಬುದಕ್ಕೆ ಕೈರೋದಲ್ಲಿ ಸಿಕ್ಕ ಪತ್ರಗಳೇ ಸಾಕ್ಷಿ. ನೀರಿನ ಅಲೆಯಂಥ ಗೆರೆಗಳಿದ್ದ ಆ ಕತ್ತಿಗಳಿಗೆ ಲೋಕ ಕೊಟ್ಟ ಹೆಸರು ಡಮಾಸ್ಕಸ್. ಹಲವು ಕತ್ತಿಗಳ ಮೇಲೆ ಇಸ್ಫಹಾನಿನ ಅಸದುಲ್ಲಾನ ಸಹಿಯಿದೆ. ಅವನ ಹೆಸರಿಗೆ ಬೆಲೆ ಎಷ್ಟೆಂದರೆ ಖೋಟಾ ಸಹಿಗಳೂ ಧಾರಾಳವಾಗಿ ಹುಟ್ಟಿಕೊಂಡವು!

ಜಪಾನಿನಲ್ಲಿ ನೋಡಿ. ಬಿಜೆನ್ ಪ್ರಾಂತದ ಒಸಾಫುನೆ ಎಂಬ ಊರಿನ ಕಮ್ಮಾರರು ಹಿಡಿಯೊಳಗೆ ಅಡಗುವ ಭಾಗದಲ್ಲಿ ತಮ್ಮ ಹೆಸರು ಕೆತ್ತುತ್ತಿದ್ದರು. ಹಿಡಿ ಬಿಚ್ಚಿದರೆ ಸಾಕು, ಓದಬಹುದು. ಹದಿಮೂರು–ಹದಿನಾಲ್ಕನೆಯ ಶತಮಾನದ ಮಿತ್ಸುತದ, ಮಗ ನಾಗಮಿತ್ಸು, ಮೊಮ್ಮಗ ಕಾಗೆಮಿತ್ಸು, ಮರಿಮಗ ಕಾನೆಮಿತ್ಸು – ನಾಲ್ಕು ತಲೆಮಾರಿನ ವಂಶಾವಳಿ ಇಂದಿಗೂ ತಿಳಿದಿದೆ. ಆದರೆ ಅಲ್ಲಿಯೂ ಅದಿರು ಕರಗಿಸಿ ಉಕ್ಕು ಕೊಟ್ಟವರ ಹೆಸರು ಕತ್ತಿಯ ಮೇಲಿಲ್ಲ. ಕೊನೆಯ ಕೈ ಯಾರದೋ ಅವರದೇ ಕೀರ್ತಿ. ನಮ್ಮ ಕಮ್ಮಾರರ ಪಾಲಿಗೆ ಆ ಕೊನೆಯ ಕೈ ಕಡಲಾಚೆಯದಾಗಿತ್ತು, ಅಷ್ಟೆ.

ಕುಶಲಕರ್ಮಿ ಹೆಸರು ಬರೆಯುವ ಪದ್ಧತಿ ಕನ್ನಡ ನಾಡಿನಲ್ಲಿ ಇರಲಿಲ್ಲವೆಂದಲ್ಲ. 1117ರ ಬೇಲೂರಿನ ದೇಗುಲದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಮದನಿಕೆಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಕಲ್ಲು ಇದ್ದಲ್ಲೇ ನಿಂತಿತು, ಹೆಸರೂ ನಿಂತಿತು. ಉಕ್ಕು ಮಾತ್ರ ಮತ್ತೆ ಬೆಂಕಿಗೆ ಹೋಗುವ ವಸ್ತು.

ಲಂಡನ್ನಿನಲ್ಲಿ ಈ ಉಕ್ಕಿನ ಗುಟ್ಟು ಹುಡುಕಹೊರಟವರಲ್ಲಿ ಮೈಕೆಲ್ ಫ್ಯಾರಡೆಯೂ ಒಬ್ಬ. ಅವನೂ ಕಮ್ಮಾರನ ಮಗನೇ. 1819ರ ಸುಮಾರಿಗೆ, ಇದರ ಗುಣಕ್ಕೆ ಅಲ್ಯುಮಿನಾದ ಅಂಶವೇ ಕಾರಣವೆಂದು ಅವನು ಎಣಿಸಿದ್ದು ತಪ್ಪೆಂದು ಆಮೇಲೆ ತಿಳಿಯಿತು. ಗುಟ್ಟು ಮುಖ್ಯವಾಗಿ ಇಂಗಾಲದಲ್ಲಿತ್ತು, ನಮ್ಮ ತಂಗಡಿ ಕಡ್ಡಿಯಲ್ಲಿ.

ಠಾಣೆಯಿಂದ ಹೊಸ ಮುಂಬಯಿಯವರೆಗಿನ ನಮ್ಮ ಓದುಗರಲ್ಲಿ ಕಮ್ಮಾರ, ಪಾಂಚಾಳ ಮನೆತನದವರು ಇದ್ದಾರು. ಊರಿನ ಕುಲುಮೆ, ಅದರಲ್ಲಿ ದುಡಿದ ಅಜ್ಜ ಮುತ್ತಜ್ಜಂದಿರ ಹೆಸರು ಮನೆಯ ಹಿರಿಯರಿಗೆ ನೆನಪಿದ್ದರೆ ಬರೆದು ಸಂಘಕ್ಕೆ ಕಳಿಸಬೇಕೆಂದು ಕೋರುತ್ತೇನೆ.