ಒಂದೇ ಚೆಂಡಿನ ಸಿಲಬಸ್ಸು

ಮೊನ್ನೆ ಆಫೀಸಿನಲ್ಲಿ 'ಎಮೋಷನಲ್ ಇಂಟೆಲಿಜೆನ್ಸ್' ಟ್ರೈನಿಂಗು. ಸಿಟ್ಟು ಬಂದರೆ ಏನು ಮಾಡಬೇಕು, ಎದುರಿನವರ ಮಾತು ಹೇಗೆ ಕೇಳಬೇಕು... ದಿನವಿಡೀ ಸ್ಲೈಡು! ನನಗೆ ನೆನಪಾದದ್ದು ಮಧುಗಿರಿ ತಾಲ್ಲೂಕಿನ ನಮ್ಮ ದೊಡ್ಡೇರಿಯ ಅಂಗನವಾಡಿ. ಅಲ್ಲಿದ್ದದ್ದು ಒಂದೇ ಚೆಂಡು. ಸರದಿ ಬರೋವರೆಗೂ ಕಾಯಬೇಕು, ಅಷ್ಟೇ ಸಿಲಬಸ್ಸು.

ಇದರ ಮೂಲ ಹುಡುಕುತ್ತಾ ಹೋದೆ. ವಕೀಲರಾಗಿದ್ದ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಹೊಡೆತ, ಬೆದರಿಕೆ ಬೇಡವೇ ಬೇಡ ಅಂದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಅನುತಾಯಿ ವಾಘ್ ಜೊತೆ ಬೋರ್ಡಿ ಎಂಬ ಹಳ್ಳಿಯಲ್ಲಿ ಬಾಲವಾಡಿ ಶುರುಮಾಡಿದರು. ಆದಿವಾಸಿ ಮಕ್ಕಳು ಅಲ್ಲಿಗೆ ಬರಲಿಲ್ಲ. ಸರಿ, ಶಾಲೆಯೇ ಅವರ ಗುಡಿಸಲಿನ ಅಂಗಳಕ್ಕೆ ಹೋಯಿತು! ಮಗುವಿಗೆ ಅಳುಕಿಲ್ಲದ ಜಾಗ ಅದೇ ತಾನೆ? 'ಅಂಗನವಾಡಿ' ಅಂದರೆ ಅಂಗಳದ ವಾಡಿ.

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ 33 ಬ್ಲಾಕುಗಳಲ್ಲಿ ಐಸಿಡಿಎಸ್ ಶುರುಮಾಡಿತು. ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಹೆಸರು ತಾರಾಬಾಯಿಯವರದೇ ಉಳಿಯಿತು. ಆದರೆ ತೂಕ, ಲಸಿಕೆ, ಆಹಾರ, ಎಲ್ಲವೂ ಒಬ್ಬ ಕಾರ್ಯಕರ್ತೆಯ ತಲೆಮೇಲೆ. ಈಗ ಪೋಷಣ್ ಟ್ರ್ಯಾಕರ್ ಆ್ಯಪ್ ಬೇರೆ (ನಮ್ಮಂಥವರೇ ಬರೆದದ್ದು). ಇದರ ನಡುವೆ ಆಟ ಆಡಿಸೋದು ಯಾವಾಗ?

ಅಕ್ಕನ ಮಗಳಿಗೆ ಮೂರು ವರ್ಷ. ಮಧುಗಿರಿಯ ಕಾನ್ವೆಂಟಿಗೆ ವ್ಯಾನಲ್ಲಿ ಕಳಿಸ್ತಾಳಂತೆ. ಅಂಗನವಾಡಿಗೇ ಹಾಕು ಅಂದೆ. "ಬೆಂಗಳೂರಲ್ಲಿ ಕೂತು ಹೇಳ್ತೀಯಲ್ಲ, ನಿನ್ನ ಮಗಳಾಗಿದ್ರೆ ಹಾಕ್ತಿದ್ಯಾ?" ಅಂದಳು. ಉತ್ತರ ಹೊಳೀಲಿಲ್ಲ ಕಣ್ರೀ. ವ್ಯಾನಿಗೆ ಅಡ್ವಾನ್ಸ್ ಕೊಟ್ಟಾಗಿದೆಯಂತೆ.