ಇದಲ್ಕಾನಿನ ಬಿಷಪ್ಪರು, ಕಲ್ಯಾಣದ ಕನಸು

1637ರಲ್ಲಿ ರೋಮ್ ವಿಜಾಪುರಕ್ಕೊಬ್ಬ ಬಿಷಪ್ಪರನ್ನು ನೇಮಿಸಿತು. ಆಗ ಊರಿನಲ್ಲಿ ಮುಹಮ್ಮದ್ ಆದಿಲ್‌ಶಾಹನ ಆಳ್ವಿಕೆ. ಗೋಲಗುಮ್ಮಟ ಮೇಲೇಳುತ್ತಿದ್ದ ಕಾಲ. ಆದಿಲ್ ಖಾನನ ನಾಡು ಪೋರ್ಚುಗೀಸರ ಬಾಯಲ್ಲಿ ತಿರುಚಿಕೊಂಡು ರೋಮಿನ ಕಡತಗಳಲ್ಲಿ ‘ಇದಲ್ಕಾನ್’ ಎಂದು ದಾಖಲಾಗಿತ್ತು. ಅದರ ಹೊಣೆ ಹೊತ್ತವರು ಯುರೋಪಿನವರಲ್ಲ. ಗೋವೆಯ ದಿವಾಡಿ ದ್ವೀಪದ ಬ್ರಾಹ್ಮಣ ಮೂಲದ ಕ್ರೈಸ್ತ ಮತ್ತೇವುಸ್ ದೆ ಕಾಸ್ತ್ರೊ ಅವರು.

ಗೋವೆಯಲ್ಲಿ ಪಾದ್ರಿಯಾಗಲು ದಾರಿ ಸಿಗದೆ ರೋಮಿಗೆ ಹೋಗಿ ಓದಿ ದೀಕ್ಷೆ ಪಡೆದವರು ಇವರು. ಬಿಷಪ್ಪರಾಗಿ ಮರಳಿದಾಗ ಪೋರ್ಚುಗೀಸರು ಅವರನ್ನು ಒಪ್ಪಲಿಲ್ಲ. ಪೂರ್ವದೇಶಗಳ ಚರ್ಚುಗಳಿಗೆ ಅಧಿಕಾರಿಗಳನ್ನು ಸೂಚಿಸುವ ಹಕ್ಕು ತಮ್ಮ ದೊರೆಗೆ ಸೇರಿದ್ದು ಎಂಬುದು ಅವರ ವಾದ. ಧರ್ಮಪ್ರಚಾರ ನೋಡಿಕೊಳ್ಳಲೆಂದು 1622ರಲ್ಲಿ ಹುಟ್ಟಿದ ರೋಮಿನ ಪ್ರೊಪಗಾಂಡಾ ಸಂಸ್ಥೆಯ ವಾದವೇ ಬೇರೆ. ದೆ ಕಾಸ್ತ್ರೊ ಗೋವೆಯ ಗಡಿಯಾಚೆ, ಆದಿಲ್‌ಶಾಹಿಗೆ ಸೇರಿದ್ದ ಡಿಚೋಲಿಯಲ್ಲಿ ನೆಲೆಯೂರಿದರು. ಕ್ರೈಸ್ತ ದೊರೆಯ ಅಧಿಕಾರಿಗಳಿಂದ ತಪ್ಪಿಸಿಕೊಂಡ ಕ್ರೈಸ್ತ ಬಿಷಪ್ಪರಿಗೆ ಮುಸ್ಲಿಂ ಸುಲ್ತಾನನ ನೆಲ ಆಸರೆಯಾಯಿತು. ಇಂದಿನ ಮುಂಬಯಿ ಮಹಾಧರ್ಮಪ್ರಾಂತ್ಯ ತನ್ನ ವಂಶಾವಳಿಯನ್ನು ಈ ಇದಲ್ಕಾನ್ ಪ್ರಾಂತ್ಯದಿಂದಲೇ ಎಣಿಸುತ್ತದೆ ಎಂಬುದು ವಿಜಯಪುರದವರಲ್ಲೇ ಬಹಳ ಮಂದಿಗೆ ತಿಳಿಯದು.

ಇದಕ್ಕೂ ಮೊದಲೇ ಈ ಕಡೆ ಪಾದ್ರಿಗಳ ಸುಳಿದಾಟವಿತ್ತು. 1561ರಲ್ಲಿ ಗೊನ್ಸಾಲೊ ರೊಡ್ರಿಗಸ್ ಎಂಬ ಜೆಸ್ವಿಟ್ ಪಾದ್ರಿ ಒಂದನೆಯ ಅಲಿ ಆದಿಲ್‌ಶಾಹನ ಆಸ್ಥಾನಕ್ಕೆ ಬಂದಿದ್ದರು. ಮುದಗಲ್ಲಿನ ಕಥೋಲಿಕರು ತಮ್ಮ ಸಭೆಗೆ ಆದಿಲ್‌ಶಾಹಿಗಳ ಕಾಲದಲ್ಲೇ ಸನದು ಸಿಕ್ಕಿತ್ತೆಂದು ನಂಬುತ್ತಾರೆ. ಸುರಪುರದಲ್ಲಿ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಆ ಸಮುದಾಯವನ್ನು ಕಂಡು, ಮುಂದೆ ತಮ್ಮ ಕಾದಂಬರಿಯೊಂದಕ್ಕೂ ತಂದುಕೊಂಡರು.

ಯಾರ ಚರ್ಚು ನಿಜವಾದ ಚರ್ಚು? ದೆ ಕಾಸ್ತ್ರೊ ಅವರ ಜಗಳದಲ್ಲಿ ಇದು ಅಧಿಕಾರದ ಪ್ರಶ್ನೆ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದ ನಂತರ ಅಮೆರಿಕದ ಗಡಿನಾಡಿನಲ್ಲಿ ಅದೇ ಪ್ರಶ್ನೆ ಬೇರೆ ವೇಷ ತೊಟ್ಟಿತು. ಅಲ್ಲಿನ ಬಾರ್ಟನ್ ಸ್ಟೋನ್ ಮತ್ತು ಸಂಗಡಿಗರು 1804ರಲ್ಲಿ ತಮ್ಮದೇ ಪ್ರೆಸ್ಬಿಟೇರಿಯನ್ ಮಂಡಳಿಗೆ ಉಯಿಲು ಬರೆದು ಅದನ್ನು ಮುಚ್ಚಿಬಿಟ್ಟರು. 1809ರಲ್ಲಿ ಥಾಮಸ್ ಕ್ಯಾಂಪ್‌ಬೆಲ್, ಪಂಗಡಗಳ ಹೆಸರನ್ನೆಲ್ಲ ಬಿಟ್ಟು ಹೊಸ ಒಡಂಬಡಿಕೆಯಲ್ಲಿ ಇರುವಷ್ಟನ್ನೇ ಪಾಲಿಸೋಣ ಎಂದು ಪ್ರಕಟಣೆ ಹೊರಡಿಸಿದರು. 1832ರಲ್ಲಿ ಇಬ್ಬರ ಅನುಯಾಯಿಗಳೂ ಒಂದಾದರು. ಎಲ್ಲ ಪಂಗಡಗಳನ್ನು ಅಳಿಸಲು ಹೊರಟ ಈ ಚಳವಳಿ 1906ರ ಹೊತ್ತಿಗೆ ತಾನೇ ಎರಡಾಗಿತ್ತು: ಆರಾಧನೆಯಲ್ಲಿ ವಾದ್ಯ ಇರಬೇಕೇ, ಮಿಷನ್ ಸಂಘಗಳು ಬೇಕೇ ಎಂಬ ತಕರಾರು. ಇವರ ಆಸ್ಟ್ರೇಲಿಯದ ಶಾಖೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾರಾಮತಿಗೆ, ಅಂದರೆ ಭೀಮಾ ಕಣಿವೆಯ ಮೇಲ್ಭಾಗಕ್ಕೆ ಬಂದಿತ್ತು. ಆದರೆ ವಿಜಾಪುರದ ಕ್ರೈಸ್ತ ಬದುಕನ್ನು ರೂಪಿಸಿದ್ದು ಬೇರೆ ಮನೆತನ.

ಅದು ಬಾಸೆಲ್ ಮಿಷನ್. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಈ ಸಂಸ್ಥೆಯಲ್ಲಿ ವುರ್ಟೆಂಬರ್ಗಿನ ಲೂಥರನ್ನರೂ ಸ್ವಿಸ್ ರಿಫಾರ್ಮ್ಡ್ ಪಂಗಡದವರೂ ಒಂದೇ ಬೆಂಚಿನಲ್ಲಿ ಕೂತು ಕಲಿತರು. ಇಬ್ಬರೂ ಪಾಯಟಿಸ್ಟ್ ಭಕ್ತಿಯವರು; ಸಿದ್ಧಾಂತದ ಬೇಲಿಗಿಂತ ಮನಪರಿವರ್ತನೆ, ಬೈಬಲ್ ಓದು, ಸಣ್ಣ ಸಭೆಯ ಶಿಸ್ತು ಅವರಿಗೆ ದೊಡ್ಡದು. 1834ರಲ್ಲಿ ಮಂಗಳೂರಿಗೆ ಬಂದವರು 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಬೆಟಗೇರಿ, 1851ಕ್ಕೆ ನೇಕಾರರ ಊರಾದ ಗುಳೇದಗುಡ್ಡ ತಲುಪಿದರು. ಅವರ ಕೈಯಲ್ಲಿ ಕನ್ನಡ ಬೈಬಲ್ ಇತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೂತು ಮಾಡಿದ ಅನುವಾದ 1831ರಲ್ಲಿ ಪೂರ್ತಿಯಾಗಿತ್ತು. ಮೊದಲ ಶತಮಾನದ ಸಭೆ ಹೇಗಿತ್ತು ಎಂದು ಅಪೊಸ್ತಲರ ಕೃತ್ಯಗಳನ್ನು ಓದಿ ಕನ್ನಡಿಗರೇ ಕೇಳಬಹುದಾದದ್ದು ಆ ಮೇಲೆಯೇ.

ಆದರೆ ಈ ನೆಲಕ್ಕೆ ತನ್ನದೇ ಪುನಃಸ್ಥಾಪನೆಯ ಕನಸೊಂದು ಮೊದಲೇ ಇತ್ತು. ಬಸವಣ್ಣ ಹುಟ್ಟಿದ ಬಾಗೇವಾಡಿ ಇದೇ ಜಿಲ್ಲೆಯದು. ಚದುರಿದ ಶರಣರು ಮತ್ತೆ ಬರುತ್ತಾರೆ, ಕಲ್ಯಾಣ ಮತ್ತೆ ಏಳುತ್ತದೆ, ವಸಂತರಾಯನೆಂಬ ದೊರೆ ಬಂದು ನ್ಯಾಯ ನಿಲ್ಲಿಸುತ್ತಾನೆ ಎಂದು ಕಾಲಜ್ಞಾನ ಸಾಹಿತ್ಯ ಹಾಡುತ್ತ ಬಂದಿದೆ; ಸುರಪುರ ಸೀಮೆಯ ಕೊಡೇಕಲ್ಲು ಬಸವಣ್ಣನ ಪರಂಪರೆ ಅದರ ದೊಡ್ಡ ನೆಲೆ. 1840ರ ಸುಮಾರಿಗೆ ಕಾಲಜ್ಞಾನಿಗಳ ಗುಂಪೊಂದು ಬಾಸೆಲ್ ಪಾದ್ರಿಗಳ ಬಳಿ ಬಂತು. ತಮ್ಮ ಗ್ರಂಥಗಳು ಮುನ್ನುಡಿದ ಗುರುಗಳು ಇವರೇ ಇರಬೇಕು ಎಂಬ ನಿರೀಕ್ಷೆ ಅವರದು. ಪಾದ್ರಿಗಳಿಗೂ ಹಿಗ್ಗು: ಊರಿಗೆ ಊರೇ ಸಭೆಗೆ ಸೇರುವ ಕಾಲ ಬಂತೆಂದುಕೊಂಡರು. 1841ರಲ್ಲಿ ಗದಗ ಬಳಿಯ ಮಲ್ಲಸಮುದ್ರದಲ್ಲಿ ಕೃಷಿ ವಸಾಹತೊಂದು ಶುರುವಾಯಿತು.

ಕನಸು ಕೂಡಲಿಲ್ಲ. ಕಾಲಜ್ಞಾನಿಗಳು ಕಾಯುತ್ತಿದ್ದದ್ದು ಕಲ್ಯಾಣಕ್ಕೆ. ಪಾದ್ರಿಗಳು ಕಟ್ಟಲು ಬಂದದ್ದು ಅಪೊಸ್ತಲರ ಸಭೆಯನ್ನು. ಎರಡೂ ಹಳೆಯ ಹೊನ್ನಿನ ಕಾಲವನ್ನು ಮರಳಿ ತರುವ ಆಸೆಗಳೇ ಆದ್ದರಿಂದ ಹತ್ತಿರ ಬಂದವು, ಹತ್ತಿರ ಬಂದ ಮೇಲೆ ಬೇರೆಬೇರೆ ಎಂದು ಗೊತ್ತಾಯಿತು. ಉತ್ತರ ಕರ್ನಾಟಕದ ಕ್ರೈಸ್ತ ಚರಿತ್ರೆಯಲ್ಲಿ ಇದಕ್ಕಿಂತ ಕುತೂಹಲದ ಭೇಟಿ ಇನ್ನೊಂದಿಲ್ಲ. ನಮ್ಮ ಇತಿಹಾಸದ ಪುಸ್ತಕಗಳಾದರೋ ಇದೇ ಮಿಷನ್ನಿನ ಕಿಟೆಲ್ಲರ ನಿಘಂಟಿಗೂ ಮಂಗಳೂರು ಹಂಚಿಗೂ ಕೊಟ್ಟ ಜಾಗದಲ್ಲಿ ಕಾಲುಭಾಗವನ್ನೂ ಇದಕ್ಕೆ ಕೊಟ್ಟಿಲ್ಲ.

ವಿಜಾಪುರದಲ್ಲಿ ಬಾಸೆಲ್ ಠಾಣ್ಯ ತೆರೆದದ್ದು 1885ರಲ್ಲಿ. ಆ ವರ್ಷಕ್ಕೊಂದು ಕಾರಣವಿದೆ. ಧಾತು, ಈಶ್ವರ ಸಂವತ್ಸರಗಳ ಬರ ಸೀಮೆಯನ್ನು ಬರಿದು ಮಾಡಿ ಇನ್ನೂ ಹತ್ತು ವರ್ಷವಾಗಿರಲಿಲ್ಲ. ಹೋಟಗಿಯಿಂದ ಗದಗಿನ ಕಡೆಗೆ ರೈಲು ಬಂದಿತ್ತು. ಕಲಾದಗಿಯಲ್ಲಿದ್ದ ಜಿಲ್ಲಾ ಕಚೇರಿ ವಿಜಾಪುರಕ್ಕೆ ಬಂದು, ಆದಿಲ್‌ಶಾಹಿ ಅರಮನೆಗಳು ಕಚೇರಿಗಳಾದವು. ಪಾಳುಬಿದ್ದ ರಾಜಧಾನಿ ಮತ್ತೆ ಜನರ ಊರಾಗುತ್ತಿದ್ದಾಗ ಮಿಷನ್ನೂ ಬಂತು.

1914ರ ಯುದ್ಧ ಜರ್ಮನ್ ಪಾದ್ರಿಗಳನ್ನು ಬಂಧನಕ್ಕೂ ಆ ಮೇಲೆ ಊರಿಗೂ ಕಳಿಸಿತು. ಸಭೆಯ ಭಾರ ಕನ್ನಡಿಗರ ಹೆಗಲಿಗೆ ಬಿತ್ತು. 1919ರಲ್ಲಿ ತರಂಗಂಬಾಡಿಯಲ್ಲಿ ವಿ.ಎಸ್. ಅಜರಯ್ಯ ಮೊದಲಾದವರು ಸೇರಿ, ಪರದೇಶದಲ್ಲಿ ಹುಟ್ಟಿದ ಜಗಳಗಳನ್ನು ನಾವೇಕೆ ಹೊರಬೇಕು ಎಂದು ಕೇಳಿದರು. ಉತ್ತರ ಸಿಗಲು ಇಪ್ಪತ್ತೆಂಟು ವರ್ಷ ಹಿಡಿಯಿತು: 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಪರಂಪರೆಯವರು ಕೂಡಿ ಚರ್ಚ್ ಆಫ್ ಸೌತ್ ಇಂಡಿಯಾ ಆಯಿತು. ತಡಮಾಡಿಸಿದ ಗಂಟು ಬಿಷಪ್ಪರದು. ಮೊದಲ ಶತಮಾನಗಳಿಂದ ಬಂದ ಪಟ್ಟ ಎಂದು ಒಬ್ಬರು, ಹೊಸ ಒಡಂಬಡಿಕೆಯಲ್ಲಿ ಇರುವುದು ಹಿರಿಯರ ಮಂಡಳಿ ಎಂದು ಇನ್ನೊಬ್ಬರು. ಕೊನೆಗೆ ಬಿಷಪ್ಪರೂ ಇರಲಿ, ಹಿರಿಯರೂ ಇರಲಿ, ಆಗಲೇ ಸೇವೆಯಲ್ಲಿದ್ದ ಸಭಾಪಾಲಕರಿಗೆ ಮತ್ತೆ ದೀಕ್ಷೆ ಬೇಡ ಎಂದು ಒಪ್ಪಿಕೊಂಡರು. ಉತ್ತರ ಕರ್ನಾಟಕದ ಬಾಸೆಲ್ ಸಭೆಗಳೂ ಮುಂದೆ ಇದರೊಳಗೆ ಬಂದವು. 1970ರಲ್ಲಿ ಮೈಸೂರು ಡಯಾಸಿಸ್ ಮೂರಾದಾಗ ವಿಜಾಪುರ ಸೀಮೆ ಧಾರವಾಡ ಕೇಂದ್ರದ ಉತ್ತರ ಡಯಾಸಿಸ್‌ಗೆ ಸೇರಿತು. ಬೆಳಗಾವಿಯ ಅಮೆರಿಕನ್ ಮೆಥಡಿಸ್ಟರು ಮಾತ್ರ ಹೊರಗೇ ಉಳಿದರು.

ಆದಿಸಭೆಗೆ ಮರಳುವ ಮಾತನ್ನು ಜೋರಾಗಿ ಆಡಿದವರಿಗಿಂತ, ಕೂಡಿ ಬಾಳಲು ಪಟ್ಟುಬಿಟ್ಟವರೇ ಆ ಸಭೆಗೆ ಹತ್ತಿರ ಹೋದಂತೆ ಕಾಣುತ್ತದೆ. ಎಲ್ಲರೂ ಇದನ್ನು ಒಪ್ಪರು. ಪಂಜಾಬಿನ ಸಿಖ್ ಮನೆಯಲ್ಲಿ 1903ರಲ್ಲಿ ಹುಟ್ಟಿದ ಬಖ್ತ್ ಸಿಂಗ್ ಅಂಥವರಲ್ಲೊಬ್ಬರು. 1941ರಲ್ಲಿ ಮದರಾಸಿನಲ್ಲಿ, ಆ ಮೇಲೆ ಹೈದರಾಬಾದಿನಲ್ಲಿ ಅವರು ಕಟ್ಟಿದ ಸಭೆಗಳಲ್ಲಿ ಪಂಗಡದ ಹೆಸರಿಲ್ಲ, ಸಂಬಳದ ಪಾದ್ರಿಯಿಲ್ಲ. ಪ್ರತಿ ಭಾನುವಾರ ರೊಟ್ಟಿ ಮುರಿಯುವುದು, ಆರಾಧನೆ ಮುಗಿದ ಮೇಲೆ ಎಲ್ಲರೂ ನೆಲದಲ್ಲಿ ಕೂತು ಉಣ್ಣುವುದು. ದಾಸೋಹ ಕಂಡ ಸೀಮೆಗೆ ಆ ಪಂಕ್ತಿ ಅಪರಿಚಿತವೇನಲ್ಲ. ಪೆಂಟೆಕೋಸ್ಟ್ ಸಭೆಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅಪೊಸ್ತಲರ ಕಾಲದ ಅನ್ಯಭಾಷೆ, ರೋಗ ವಾಸಿಯ ವರಗಳೂ ಮರಳಿವೆ ಎನ್ನುತ್ತವೆ. ಅವರ ಚರಿತ್ರೆಯಲ್ಲಿ ಅಮೆರಿಕದ 1906ರ ಅಜೂಸಾ ಬೀದಿಯ ಉಜ್ಜೀವನದ ಜೊತೆಗೆ 1905ರ ಕೇಡಗಾಂವ್ ಮುಕ್ತಿ ಸದನದ ಉಜ್ಜೀವನವೂ ಬರುತ್ತದೆ. ಸದನ ಕಟ್ಟಿದ ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಕರ್ನಾಟಕದ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಹೊಸದರಲ್ಲೇ ಅವರು, ಒಂದು ಪಂಗಡದ ಕಟ್ಟಳೆಗೆ ತಲೆಬಾಗಲಾರೆ ಎಂದು ತಮಗೆ ಆಸರೆ ಕೊಟ್ಟ ಆಂಗ್ಲಿಕನ್ ಸನ್ಯಾಸಿನಿಯರೊಂದಿಗೆ ವಾದಕ್ಕಿಳಿದಿದ್ದರು.

ಇಂದು ಜಗಳ ಹತ್ತಿಕೊಳ್ಳುವುದು ನೀರಿನ ಬಳಿ. ಮಗುವಾಗಿದ್ದಾಗ ಚಿಮುಕಿಸಿದ ನೀರು ಸಾಲದು, ನಂಬಿದ ಮೇಲೆ ಪೂರ್ತಿ ಮುಳುಗಬೇಕು ಎಂದು ಹೊಸ ಸಭೆಗಳು. ಒಬ್ಬರಿಗೆ ಎರಡು ದೀಕ್ಷಾಸ್ನಾನ ಎಲ್ಲಿಯದು ಎಂದು ಹಳೆಯ ಸಭೆಗಳು. ಕರ್ತನ ಭೋಜನದ ಬಟ್ಟಲಿನದು ಇನ್ನೊಂದು ತಕರಾರು. ಮದ್ಯ ಒಲ್ಲದ ಅಮೆರಿಕದ ಮೆಥಡಿಸ್ಟ್ ಥಾಮಸ್ ವೆಲ್ಚ್ 1869ರಲ್ಲಿ ಹುಳಿಯದ ದ್ರಾಕ್ಷಿರಸವನ್ನು ಚರ್ಚಿಗೆಂದೇ ತಯಾರಿಸಿದರು. ಕೇರಳದ ಸಂತ ತೋಮರ ಕ್ರೈಸ್ತರಾದರೋ ಪೋರ್ಚುಗೀಸರು ಬರುವ ಮೊದಲಿನಿಂದಲೂ ಒಣದ್ರಾಕ್ಷಿಯನ್ನು ನೀರಲ್ಲಿ ನೆನೆಹಾಕಿ, ಹಿಂಡಿ, ಆ ರಸದಿಂದಲೇ ಆರಾಧನೆ ನಡೆಸುತ್ತಿದ್ದರು. 1599ರ ಉದಯಂಪೇರೂರು ಸಮ್ಮೇಳನ ಪೋರ್ಚುಗಲ್ಲಿನಿಂದ ದ್ರಾಕ್ಷಾರಸ ತರಿಸುವ ವ್ಯವಸ್ಥೆ ಆಗಬೇಕೆಂದಿತು. ಹಡಗಿನ ದಾರಿ ಕಾಯದೆಯೂ ಇಂದು ಆ ಹಳೆಯ ಪದ್ಧತಿ ನಡೆಸಬಹುದು: ವಿಜಾಪುರ ಸೀಮೆಯ ತಿಕೋಟಾ, ಬಬಲೇಶ್ವರ ಕಡೆಯ ಶೆಡ್ಡುಗಳಲ್ಲಿ ಒಣಗಿದ ದ್ರಾಕ್ಷಿ ಈಗ ತಾಸಗಾಂವ್ ಪೇಟೆಯವರೆಗೂ ಹೋಗುತ್ತದೆ.