ಗಾಜಿನ ಸಿರಿಂಜಿನಿಂದ ಜೇಬಿನ ಪೆನ್ನಿನವರೆಗೆ



ಮದುವೆ ಮನೆಯ ಊಟದ ಪಂಕ್ತಿಯಲ್ಲಿ ನೀವು ಈ ದೃಶ್ಯವನ್ನು ಕಂಡಿರಬಹುದು. ಎಲೆ ಹಾಕುವ ಹೊತ್ತಿಗೆ ಹಿರಿಯರೊಬ್ಬರು ಮೆಲ್ಲನೆ ಎದ್ದು ಪಕ್ಕದ ಕೋಣೆಗೆ ಹೋಗುತ್ತಾರೆ. ಬರೆಯುವ ಪೆನ್ನಿನಂತೆಯೇ ಕಾಣುವ ಒಂದು ಸಾಧನವನ್ನು ಜೇಬಿನಿಂದ ತೆಗೆದು, ಅದರ ತುದಿಯ ಗುಂಡಿಯನ್ನು ಟಿಕ್ ಟಿಕ್ ಎಂದು ತಿರುಗಿಸಿ, ಹೊಟ್ಟೆಯ ಚರ್ಮಕ್ಕೆ ಚುಚ್ಚಿ, ಮನಸ್ಸಿನಲ್ಲೇ ಹತ್ತು ಎಣಿಸುತ್ತಾರೆ. ಮತ್ತೆ ಬಂದು ಎಲೆಯ ಮುಂದೆ ಕೂರುತ್ತಾರೆ. ಎಲ್ಲ ಸೇರಿ ಒಂದೆರಡು ನಿಮಿಷದ ಕೆಲಸ. ಪಕ್ಕದಲ್ಲಿ ಕುಳಿತವರಿಗೆ ಗೊತ್ತೂ ಆಗುವುದಿಲ್ಲ.

ಈ ಒಂದೆರಡು ನಿಮಿಷದ ಹಿಂದೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಆ ಇತಿಹಾಸವನ್ನು ವಿಜ್ಞಾನಿಗಳ ಸಾಧನೆಗಳ ಪಟ್ಟಿಯಾಗಿ ಹೇಳುವುದು ರೂಢಿ. ನಾವು ಇಲ್ಲಿ ಬೇರೊಂದು ಪ್ರಶ್ನೆಯನ್ನು ಹಿಡಿದು ಹೊರಡೋಣ: ಆಯಾ ಕಾಲದಲ್ಲಿ ಸೂಜಿ ಯಾರ ಕೈಯಲ್ಲಿತ್ತು? ವೈದ್ಯರ ಕೈಯಿಂದ ಕಾಂಪೌಂಡರ್ ಕೈಗೆ, ಅಲ್ಲಿಂದ ಮನೆಯವರ ಕೈಗೆ, ಕೊನೆಗೆ ರೋಗಿಯ ಕೈಗೇ ಅದು ಬಂದ ಬಗೆ ಹೇಗೆ? ಹಾಗೆ ಬಂದಾಗ ಅದರೊಡನೆ ಯಾವ ಹೊಣೆ ಬಂತು?

ಒಂದು ಬಾಲಕನ ಪ್ರಾಣ

ಮಧುಮೇಹ ನಮಗೆ ಹೊಸ ಕಾಯಿಲೆಯಲ್ಲ. ಮೂತ್ರಕ್ಕೆ ಇರುವೆ ಮುತ್ತುವ ಲಕ್ಷಣವನ್ನು ನಮ್ಮ ಪ್ರಾಚೀನ ವೈದ್ಯರು ಗುರುತಿಸಿದ್ದರು. ಆದರೆ ಕಾಯಿಲೆಯನ್ನು ಗುರುತಿಸಿದರೂ, ಅದರ ಅತಿ ತೀವ್ರ ರೂಪದಿಂದ ರೋಗಿಯನ್ನು ಉಳಿಸುವ ದಾರಿ ಇಪ್ಪತ್ತನೆಯ ಶತಮಾನದವರೆಗೂ ಜಗತ್ತಿನ ಯಾವ ವೈದ್ಯರ ಬಳಿಯೂ ಇರಲಿಲ್ಲ.

ಆ ದಾರಿ ತೆರೆದದ್ದು ಕೆನಡಾದ ಟೊರಾಂಟೊ ನಗರದಲ್ಲಿ. 1921ರಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್, ಪ್ರೊಫೆಸರ್ ಮೆಕ್ಲಿಯಡ್ ಅವರ ಪ್ರಯೋಗಾಲಯದಲ್ಲಿ ಮೇದೋಜೀರಕ ಗ್ರಂಥಿಯಿಂದ ಸಾರವನ್ನು ತೆಗೆದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಾಲಕನಿಗೆ ಅದನ್ನು ಚುಚ್ಚಲಾಯಿತು. ಮೊದಲ ಸಲ ಫಲ ಸರಿಯಾಗಿ ಸಿಗಲಿಲ್ಲ. ಜೇಮ್ಸ್ ಕಾಲಿಪ್ ಅದನ್ನು ಶುದ್ಧಗೊಳಿಸಿದ ಮೇಲೆ, ಜನವರಿ 23ರಂದು ಕೊಟ್ಟ ಮದ್ದು ಫಲಿಸಿತು. ಎಲುಬಿನ ಗೂಡಾಗಿದ್ದ ಹುಡುಗ ಚೇತರಿಸಿಕೊಂಡು ಇನ್ನೂ 13 ವರ್ಷ ಬದುಕಿದ. 1923ರಲ್ಲಿ ಬ್ಯಾಂಟಿಂಗ್ ಮತ್ತು ಮೆಕ್ಲಿಯಡ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಅದೇ ವರ್ಷ ಸಂಶೋಧಕರು ಇನ್ಸುಲಿನ್ನಿನ ಪೇಟೆಂಟನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟರು. ಈ ಮದ್ದು ಎಲ್ಲರಿಗೂ ಸಿಗಬೇಕೆಂಬುದು ಅವರ ಆಶಯವಾಗಿತ್ತು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಸ್ಟೀಲ್ ಡಬ್ಬಿಯ ಕಾಲ

1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಸೂರು ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂತು. ಆಗ ಇನ್ಸುಲಿನ್ ಚಿಕಿತ್ಸೆಗೆ ಇನ್ನೂ ಎಂಟೇ ವರ್ಷ. ಅಂದಿನ ಇನ್ಸುಲಿನ್ ಬೇಗ ಕೆಲಸ ಮಾಡಿ ಬೇಗ ಮುಗಿದುಹೋಗುತ್ತಿತ್ತು; ದಿನಕ್ಕೆ ಹಲವು ಸಲ ಚುಚ್ಚಬೇಕಾಗಿತ್ತು. 1936ರಲ್ಲಿ ಡೆನ್ಮಾರ್ಕಿನ ಹಾಗೆಡಾರ್ನ್ ಅದಕ್ಕೆ ಪ್ರೋಟಮಿನ್ ಎಂಬ ಪದಾರ್ಥವನ್ನು ಸೇರಿಸಿ, ನಿಧಾನವಾಗಿ ಕರಗುವಂತೆ ಮಾಡಿದರು. ಅಲ್ಲಿಂದ ಚುಚ್ಚುವ ಸಲಗಳು ಕಡಿಮೆಯಾದವು.

ಮದ್ದು ಬದಲಾದರೂ ಸಾಧನ ಬಹುಕಾಲ ಹಾಗೆಯೇ ಉಳಿಯಿತು. ನಿಮ್ಮಲ್ಲಿ ವಯಸ್ಸಾದವರಿಗೆ ಅದು ಚೆನ್ನಾಗಿ ನೆನಪಿರುತ್ತದೆ: ಗಾಜಿನ ಸಿರಿಂಜು, ಅದನ್ನಿಡಲು ಸ್ಟೀಲ್ ಡಬ್ಬಿ, ಸ್ಪಿರಿಟ್ಟು, ಹತ್ತಿ. ಪ್ರತಿ ಸಲವೂ ಸಿರಿಂಜು, ಸೂಜಿ ಎರಡನ್ನೂ ನೀರಿನಲ್ಲಿ ಕುದಿಸಬೇಕು. ಒಂದೇ ಸೂಜಿಯನ್ನು ಮತ್ತೆ ಮತ್ತೆ ಬಳಸುವುದರಿಂದ ಮೊನೆ ಮೊಂಡಾಗುತ್ತಿತ್ತು. ಅದನ್ನು ಕಲ್ಲಿಗೆ ಉಜ್ಜಿ ಚೂಪು ಮಾಡಿಕೊಳ್ಳುವವರೂ ಇದ್ದರು. ಇಷ್ಟೆಲ್ಲ ರಗಳೆ ಬೇಡವೆಂದು ಅನೇಕರು ಬೆಳಿಗ್ಗೆ ಹತ್ತಿರದ ಡಾಕ್ಟರ ಷಾಪಿಗೆ ಹೋಗಿ ಕಾಂಪೌಂಡರ್ ಕೈಯಲ್ಲಿ ಚುಚ್ಚಿಸಿಕೊಂಡು ಬರುತ್ತಿದ್ದರು. ಅಲ್ಲಿ ಬಾಗಿಲು ತೆರೆಯುವ ಹೊತ್ತೇ ಇವರ ತಿಂಡಿಯ ಹೊತ್ತು. ಊರು ಬಿಟ್ಟು ಮಗಳ ಮನೆಗೆ ಹೋಗಬೇಕೆಂದರೂ, ಅಲ್ಲಿ ಸೂಜಿ ಹಾಕುವವರು ಯಾರಿದ್ದಾರೆ ಎಂದು ಮೊದಲು ವಿಚಾರಿಸಬೇಕಿತ್ತು. ಬಳಸಿ ಎಸೆಯುವ ಪ್ಲಾಸ್ಟಿಕ್ ಸಿರಿಂಜು ಬಂದ ಮೇಲೆ ಕುದಿಸುವ ಕೆಲಸ ತಪ್ಪಿತು. ಆದರೆ ಸೀಸೆಯಿಂದ ಅಳೆದು ಎಳೆಯುವ ಕೆಲಸ ಉಳಿಯಿತು. ಕಣ್ಣು ಮಂಜಾದವರಿಗೆ, ಕೈ ನಡುಗುವವರಿಗೆ ಆ ಸಣ್ಣ ಗೆರೆಗಳನ್ನು ಓದುವುದು ಸುಲಭವಾಗಿರಲಿಲ್ಲ.

ವೈದ್ಯೆಯಾಗಿದ್ದ ತಾಯಿ

ಪೆನ್ನಿನ ಯೋಚನೆ ಹುಟ್ಟಿದ್ದು ಇದೇ ಬಗೆಯ ಕಷ್ಟದಿಂದ. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ವೈದ್ಯೆ ಶೀಲಾ ರೀತ್ ಅವರ ಮಗಳಿಗೆ ಚಿಕ್ಕಂದಿನಲ್ಲೇ ಮಧುಮೇಹ ಬಂದಿತ್ತು. ಪ್ರಯಾಣದ ನಡುವೆ ಸೀಸೆ, ಸಿರಿಂಜು, ಸ್ಪಿರಿಟ್ಟು ಎಲ್ಲವನ್ನೂ ಹರಡಿಕೊಂಡು ಮಗುವಿಗೆ ಚುಚ್ಚುವ ಪಾಡನ್ನು ಆಕೆ ತಾಯಿಯಾಗಿ ಅನುಭವಿಸಿದ್ದರು. ಕೆಲವು ದಿನಗಳಿಗಾಗುವಷ್ಟು ಮದ್ದನ್ನು ಒಳಗೇ ತುಂಬಿಟ್ಟುಕೊಂಡು, ಗುಂಡಿ ಒತ್ತಿದರೆ ಬೇಕಾದಷ್ಟೇ ಹೊರಬರುವ ಸಾಧನ ಏಕಿರಬಾರದು ಎಂದು ಯೋಚಿಸಿದರು. ಸಹೋದ್ಯೋಗಿಗಳಾದ ಜಾನ್ ಐರ್ಲೆಂಡ್ ಮತ್ತು ಜಾನ್ ಪೇಟನ್ ಅವರೊಡನೆ ಸೇರಿ ಅಂಥದೊಂದನ್ನು ರೂಪಿಸಿದರು. 1981ರಲ್ಲಿ ಅದರ ವರದಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 1985ರಲ್ಲಿ ಡೆನ್ಮಾರ್ಕಿನ ನೋವೊ ಕಂಪನಿ ತನ್ನ ನೋವೊಪೆನ್ ಅನ್ನು ಮಾರುಕಟ್ಟೆಗೆ ತಂದಿತು. 1989ರಲ್ಲಿ ಮದ್ದು ತುಂಬಿಯೇ ಬರುವ, ಮುಗಿದ ಮೇಲೆ ಎಸೆಯುವ ಪೆನ್ನೂ ಬಂತು.

ಗಮನಿಸಿ: ಪೆನ್ನು ಬಂದಾಗ ಒಳಗಿನ ಮದ್ದಿನ ಗುಣ ಬದಲಾಗಲಿಲ್ಲ. ಬದಲಾದದ್ದು ಅದನ್ನು ತೆಗೆದುಕೊಳ್ಳುವವರ ದಿನಚರಿ. ಕಣ್ಣಿಗೆ ಗೆರೆ ಕಾಣದಿದ್ದರೂ ಕಿವಿಗೆ ಟಿಕ್ ಶಬ್ದ ಕೇಳುತ್ತದೆ, ಬೆರಳಿಗೆ ತಿಳಿಯುತ್ತದೆ.

ಕನ್ನಡ ನಾಡಿನ ಪಾಲು

ಈ ಕಥೆಯಲ್ಲಿ ನಮ್ಮ ನಾಡಿನ ಪಾಲೂ ಇದೆ. ಇನ್ಸುಲಿನ್ ಅಣುವಿನ ಮೂರು ಆಯಾಮದ ರಚನೆಯನ್ನು 1969ರಲ್ಲಿ ಆಕ್ಸ್‌ಫರ್ಡಿನಲ್ಲಿ ಡೊರೊಥಿ ಹಾಜ್‌ಕಿನ್ ಅವರ ತಂಡ ಬಿಡಿಸಿತು. ಆ ತಂಡದಲ್ಲಿದ್ದ ಭಾರತೀಯ ಎಂ. ವಿಜಯನ್. ಅವರು 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಪ್ರೋಟೀನುಗಳ ರಚನೆಯ ಅಧ್ಯಯನವನ್ನು ಇಲ್ಲಿ ಬೆಳೆಸಿದರು, 2022ರಲ್ಲಿ ತೀರಿಕೊಂಡರು.

ಹಂದಿ ಮತ್ತು ದನದ ಗ್ರಂಥಿಯಿಂದ ಬರುತ್ತಿದ್ದ ಇನ್ಸುಲಿನ್ನಿನ ಜಾಗಕ್ಕೆ ಸೂಕ್ಷ್ಮಜೀವಿಗಳಿಂದ ತಯಾರಾದ ಮಾನವ ಇನ್ಸುಲಿನ್ 1982ರಲ್ಲಿ ಅಮೆರಿಕದಲ್ಲಿ ಬಂತು. ಬೆಂಗಳೂರಿನ ಬಯೋಕಾನ್ ಕಂಪನಿ ಯೀಸ್ಟ್ ಬಳಸಿ ತಯಾರಿಸಿದ ಇನ್ಸುಜೆನ್ ಎಂಬ ಮಾನವ ಇನ್ಸುಲಿನ್ನನ್ನು 2004ರಲ್ಲಿ ಹೊರತಂದಿತು. 2011ರಲ್ಲಿ ಇನ್ಸುಪೆನ್ ಎಂಬ ಪೆನ್ನನ್ನೂ ತಂದಿತು.

ಮಂಡಿ ಮೊಹಲ್ಲದ ಹೆರಿಗೆ ಪುಸ್ತಕ

ಇನ್ನು ಮೈಸೂರಿನ ವಿಷಯ. ಮಂಡಿ ಮೊಹಲ್ಲದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರವರು ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು 1934ರಿಂದಲೂ ಬರೆದಿಡುತ್ತ ಬಂದಿದ್ದರು. ಆ ಬರಹ ಮುಂದೆ ಎಷ್ಟು ಬೆಲೆಬಾಳುತ್ತದೆಂದು ಬರೆದವರಿಗೆ ತಿಳಿದಿರಲಾರದು. ಹಾಗೆ ಹುಟ್ಟಿದ ಕೂಸುಗಳು ನಡುವಯಸ್ಸಿಗೆ ಬಂದಾಗ, ಬ್ರಿಟನ್ನಿನ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಅವರಲ್ಲಿ ಐನೂರಕ್ಕೂ ಹೆಚ್ಚು ಜನರನ್ನು ಹುಡುಕಿ ರಕ್ತಪರೀಕ್ಷೆ ಮಾಡಿದರು. 1998ರಲ್ಲಿ ಪ್ರಕಟವಾದ ಆ ಅಧ್ಯಯನ, ಎರಡನೆಯ ಬಗೆಯ ಮಧುಮೇಹಕ್ಕೂ ಹುಟ್ಟಿದಾಗಿನ ಮೈಕಟ್ಟಿಗೂ ತಾಯಿಯ ತೂಕಕ್ಕೂ ನಂಟಿದೆಯೆಂದು ತೋರಿಸಿತು. ಅದೇ ಆಸ್ಪತ್ರೆಯಲ್ಲಿ 1997ರ ಸುಮಾರಿಗೆ ಆರಂಭವಾದ ಇನ್ನೊಂದು ಅಧ್ಯಯನದಲ್ಲಿ, ಪರೀಕ್ಷೆಗೊಳಗಾದ ಬಸುರಿಯರಲ್ಲಿ ನೂರಕ್ಕೆ ಸುಮಾರು ಆರು ಮಂದಿಗೆ ಗರ್ಭಕಾಲದ ಮಧುಮೇಹ ಕಂಡುಬಂತು.

ಇನ್ಸುಲಿನ್ ಪೆನ್ನಿಗೂ ಹೆರಿಗೆ ಪುಸ್ತಕಕ್ಕೂ ಏನು ಸಂಬಂಧ ಎನ್ನುವಿರಾ? ಸಂಬಂಧವಿದೆ. "ಬಾಯಿ ಕಟ್ಟಲಿಲ್ಲ, ಅದಕ್ಕೇ ಸೂಜಿ ಬಂತು" ಎಂದು ರೋಗಿಯನ್ನು ಆಡಿಕೊಳ್ಳುವ ಮಾತು ನಮ್ಮ ಮನೆಗಳಲ್ಲಿ ಇನ್ನೂ ಇದೆ. ಊಟ, ನಡಿಗೆ ಮುಖ್ಯವೇ ಸರಿ. ಆದರೆ ಕಾಯಿಲೆಯ ಬೇರು ಕೆಲವೊಮ್ಮೆ ತೊಟ್ಟಿಲಿಗಿಂತ ಹಿಂದಕ್ಕೆ ಹೋಗುತ್ತದೆಂದು ಮೈಸೂರಿನ ಆ ಹಳೆಯ ಪುಸ್ತಕವೇ ಸಾಕ್ಷಿ ನುಡಿದಿದೆ.

"ಕೊನೆಯ ಹಂತ" ಎಂಬ ಭಯ

ಗುಳಿಗೆಯಿಂದ ಇನ್ಸುಲಿನ್ನಿಗೆ ಬದಲಾಯಿಸಬೇಕೆಂದು ವೈದ್ಯರು ಹೇಳಿದಾಗ ಬಹಳ ಮಂದಿಗೆ ಎದೆ ಧಸಕ್ಕೆನ್ನುತ್ತದೆ. ಕಾಯಿಲೆ ಕೈಮೀರಿತು, ಇನ್ನು ಉಳಿಗಾಲವಿಲ್ಲ ಎಂದುಕೊಳ್ಳುತ್ತಾರೆ. ತಿಂಗಳುಗಟ್ಟಲೆ ಮುಂದೂಡುತ್ತಾರೆ. ಅಷ್ಟರಲ್ಲಿ ಕಣ್ಣು, ಮೂತ್ರಪಿಂಡ, ಪಾದಗಳಿಗೆ ಹಾನಿ ಮುಂದುವರಿಯುತ್ತಿರುತ್ತದೆ.

ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾಗಿ, 5,102 ರೋಗಿಗಳನ್ನು ಸೇರಿಸಿಕೊಂಡು ವರ್ಷಗಳ ಕಾಲ ನಡೆದ ಅಧ್ಯಯನವೊಂದು ಈ ಭಯಕ್ಕೆ ಉತ್ತರ ಕೊಡುತ್ತದೆ. ಎರಡನೆಯ ಬಗೆಯ ಮಧುಮೇಹ ಪತ್ತೆಯಾಗುವ ಹೊತ್ತಿಗೇ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ತಯಾರಿಸುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ, ಮುಂದೆಯೂ ಇಳಿಯುತ್ತ ಹೋಗುತ್ತದೆ ಎಂದು ಅದು ಕಂಡುಕೊಂಡಿತು. ಬಾವಿಯಲ್ಲಿ ನೀರು ಇಳಿದಾಗ ಹೊರಗಿನಿಂದ ತರುವುದು ಸೋಲಲ್ಲ. ಪೆನ್ನಿನ ಸೂಜಿಗಳಲ್ಲಿ ಈಗ 4 ಮಿಲಿಮೀಟರಿನಷ್ಟು ಗಿಡ್ಡವಾದವು ಸಿಗುತ್ತವೆ. ರಕ್ತಪರೀಕ್ಷೆಗೆ ಬೆರಳಿಗೆ ಚುಚ್ಚುವುದೇ ಇದಕ್ಕಿಂತ ನೋವು ಎಂದು ಮೊದಲ ಸಲ ಹಾಕಿಕೊಂಡ ಅನೇಕರು ಅಚ್ಚರಿಯಿಂದ ಹೇಳುವುದುಂಟು.

40 ಮತ್ತು 100: ಪ್ರಾಣದ ಲೆಕ್ಕ

ಸೂಜಿ ನಮ್ಮ ಕೈಗೆ ಬಂದ ಮೇಲೆ ಲೆಕ್ಕದ ಹೊಣೆಯೂ ನಮ್ಮದೇ. ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ.

ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಇನ್ಸುಲಿನ್ ಸೀಸೆಯಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ. ಪೆನ್ನಿನ ಸಾಮಾನ್ಯ ಕಾರ್ಟ್ರಿಡ್ಜಿನಲ್ಲಿ ಒಂದು ಮಿಲಿಲೀಟರಿಗೆ 100 ಯೂನಿಟ್. ಅಮೆರಿಕದಂಥ ದೇಶಗಳು 1970ರ ದಶಕದಿಂದ 100ಕ್ಕೆ ಬದಲಾದವು; ನಮ್ಮಲ್ಲಿ ಹಳೆಯ 40 ಉಳಿಯಿತು, ಪೆನ್ನಿನೊಡನೆ 100 ಕೂಡ ಬಂತು. ಈಗ ಎರಡೂ ಒಂದೇ ಫ್ರಿಜ್ಜಿನಲ್ಲಿ ಇರಬಹುದು.

ಪೆನ್ನು ಕೆಟ್ಟಿತೆಂದು, ಕಾರ್ಟ್ರಿಡ್ಜಿನ ಮದ್ದನ್ನು 40ರ ಸಿರಿಂಜಿನಿಂದ ಎಳೆದುಕೊಂಡರೆ ಏನಾಗುತ್ತದೆ? 20ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು ಅರ್ಧ ಮಿಲಿಲೀಟರು, ಎಂದರೆ 50 ಯೂನಿಟ್. ಎರಡೂವರೆ ಪಟ್ಟು! ಬೆವರು, ನಡುಕ, ಮಂಕು ಕವಿದು ಎಚ್ಚರ ತಪ್ಪಬಹುದು, ಪ್ರಾಣಕ್ಕೇ ಸಂಚಕಾರ. ತದ್ವಿರುದ್ಧವಾಗಿ, 40ರ ಸೀಸೆಯಿಂದ 100ರ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಸಿಗುವುದು 8 ಯೂನಿಟ್ ಮಾತ್ರ. 40ರ ಸಿರಿಂಜಿಗೆ ಸಾಮಾನ್ಯವಾಗಿ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಮುಚ್ಚಳ. ಆದರೂ ಬಣ್ಣವನ್ನು ನಂಬದೆ, ಮೇಲೆ ಅಚ್ಚಾದ ಅಂಕಿಯನ್ನು ಓದಿ. ಕಾರ್ಟ್ರಿಡ್ಜಿನಿಂದ ಸಿರಿಂಜಿಗೆ ಮದ್ದು ಎಳೆಯುವ ಅಭ್ಯಾಸವೇ ಬೇಡ.

ಉಳಿದ ನಿಯಮಗಳು ಸರಳ. ಪ್ರತಿ ಸಲ ಹೊಸ ಸೂಜಿ. ಚುಚ್ಚುವ ಮೊದಲು 2 ಯೂನಿಟ್ ಗಾಳಿಗೆ ಒತ್ತಿ, ಹನಿ ಬರುವುದನ್ನು ನೋಡಿ. ಒತ್ತಿದ ಮೇಲೆ ಹತ್ತು ಎಣಿಸಿ ಸೂಜಿ ತೆಗೆಯಿರಿ. ಒಂದೇ ಜಾಗಕ್ಕೆ ಚುಚ್ಚುತ್ತ ಹೋದರೆ ಚರ್ಮದಡಿ ಗಂಟು ಕಟ್ಟಿ ಮದ್ದು ಸರಿಯಾಗಿ ಹೀರಿಕೊಳ್ಳದು. ಆದ್ದರಿಂದ ಜಾಗ ಬದಲಿಸುತ್ತಿರಿ. ಫ್ರಿಜ್ಜಿಲ್ಲದ ಮನೆಯಲ್ಲಿ, ನೀರು ತಾಗದಂತೆ ಡಬ್ಬಿಯಲ್ಲಿಟ್ಟು ಮಣ್ಣಿನ ಮಡಕೆಯ ತಂಪಿನಲ್ಲಿ ಕಾಪಾಡುವ ಹಳೆಯ ಉಪಾಯ ಈಗಲೂ ಉಪಯುಕ್ತ. ಫ್ರೀಜರಿನಲ್ಲಿ ಮಾತ್ರ ಎಂದೂ ಇಡಬೇಡಿ.

ಕೈಗೆ ಬಂದದ್ದು ಕೈಯಲ್ಲಿ ಉಳಿಯಲಿ

2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹವುಳ್ಳವರು ಸುಮಾರು 10 ಕೋಟಿ. ಅವರೆಲ್ಲರಿಗೂ ಇನ್ಸುಲಿನ್ ಬೇಕಿಲ್ಲ. ಬೇಕಾದವರೆಲ್ಲರಿಗೂ ಪೆನ್ನು ಎಟಕುವುದಿಲ್ಲ. ಅಂಥವರಿಗೆ ಸೀಸೆಯೇ ಗತಿ. ಎಟಕಿದ್ದೂ ಶಾಶ್ವತವಲ್ಲ. 2024ರಲ್ಲಿ ದಕ್ಷಿಣ ಆಫ್ರಿಕಾದ ಸರ್ಕಾರಿ ಆಸ್ಪತ್ರೆಗಳಿಗೆ ಮಾನವ ಇನ್ಸುಲಿನ್ ಪೆನ್ನುಗಳ ಪೂರೈಕೆ ನಿಂತು, ರೋಗಿಗಳು ಸೀಸೆ, ಸಿರಿಂಜಿಗೆ ಮರಳಬೇಕಾಯಿತು. ಒಂದು ಡಾಲರಿಗೆ ಪೇಟೆಂಟು ಬಿಟ್ಟುಕೊಟ್ಟವರ ಆಶಯ ಇಲ್ಲಿ ನೆನಪಾಗುತ್ತದೆ.

ಯಾವುದೇ ಕಾರಣಕ್ಕೆ ನೀವು ಪೆನ್ನಿನಿಂದ ಸೀಸೆಗೆ ಮರಳಬೇಕಾದರೆ ಹೆದರಬೇಡಿ. ಸೀಸೆಯ ಇನ್ಸುಲಿನ್ನೂ ಒಳ್ಳೆಯ ಮದ್ದೇ. ಆದರೆ ಅಂದೇ ನಿಮ್ಮ ವೈದ್ಯರ ಇಲ್ಲವೇ ನರ್ಸಮ್ಮನವರ ಮುಂದೆ ಸೀಸೆ, ಸಿರಿಂಜು ಎರಡನ್ನೂ ಇಟ್ಟು, ನೀವೇ ಒಂದು ಸಲ ಎಳೆದು ತೋರಿಸಿ. ಅವರು "ಸರಿ" ಎಂದ ಮೇಲೆ ಮನೆಗೆ ಹೊರಡಿ. ಮನೆಯಲ್ಲಿ ಇನ್ನೊಬ್ಬರಿಗೂ ಅದನ್ನು ಕಲಿಸಿಡಿ.